ಸ್ಟೀಲ್, ಕಾಂಕ್ರೀಟ್, ಫೈಬರ್: ಒಂದೇ ಕಾಲಮ್‌ನಲ್ಲಿ ಭಾರ ಯಾರ ಪಾಲಿಗೆ ಎಷ್ಟು?

ಹೊರಗೆ ಕಾರ್ಬನ್ ಫೈಬರ್ ಸುತ್ತು, ಒಳಗೆ ಸ್ಟೀಲ್ ಕೊಳವೆ, ಎರಡರ ನಡುವೆ ಕಾಂಕ್ರೀಟ್, ನಟ್ಟನಡುವೆ ಟೊಳ್ಳು. ಹಾಂಗ್‌ಕಾಂಗ್ ಪಾಲಿಟೆಕ್ನಿಕ್‌ನ ಜೆ. ಜಿ. ಟೆಂಗ್ ಮತ್ತು ಅವರ ಜೊತೆಗಾರರು 2000ದ ದಶಕದಲ್ಲಿ ಬೆಳೆಸಿದ ಕಾಲಮ್ (ಕಂಬ) ಇದು. ಇಂಥ ಗಿಡ್ಡ ಮಾದರಿಗಳನ್ನು ಲ್ಯಾಬ್‌ನಲ್ಲಿ ನಾನೇ ಎರಕ ಹೊಯ್ದು, ಒಡೆಯುವ ತನಕ ಮೆಷಿನ್‌ನಲ್ಲಿ ಒತ್ತಿದ್ದೇನೆ. ನೋಡಿದವರು ಕೇಳುವುದು ಒಂದೇ ಪ್ರಶ್ನೆ: ಮೂರರ ಶಕ್ತಿ ಕೂಡಿಸಿದರೆ ಮುಗೀತು ಅಲ್ವಾ? ಇಲ್ಲ. ಫೈಬರ್‌ನ ಎಳೆಗಳು ಅಡ್ಡಡ್ಡ ಸುತ್ತಿಕೊಂಡಿರುತ್ತವೆ, ಮೇಲಿಂದ ಇಳಿಯುವ ಭಾರದಲ್ಲಿ ಅವುಗಳ ಪಾಲು ಇಲ್ಲವೆನ್ನುವಷ್ಟು ಕಡಿಮೆ. ಅವು ಮಾಡುವುದು ಬೇರೆಯೇ ಕೆಲಸ.

ಲೆಕ್ಕ ಹಾಕಿ ತೋರಿಸುತ್ತೇನೆ. ಹೊರಗಿನ ವ್ಯಾಸ 200 ಮಿ.ಮೀ., ಒಳಗೆ 100 ಮಿ.ಮೀ. ವ್ಯಾಸದ 4 ಮಿ.ಮೀ. ದಪ್ಪದ ಸ್ಟೀಲ್ ಕೊಳವೆ. ಕಾಂಕ್ರೀಟ್‌ನ ಬಲ 30 ಮೆಗಾಪಾಸ್ಕಲ್ (ಅಂದರೆ ಒಂದು ಚದರ ಮಿ.ಮೀ.ಗೆ 30 ನ್ಯೂಟನ್), ಸ್ಟೀಲ್‌ನದು 300. ಫೈಬರ್ ಇಲ್ಲದೆ ಕಾಂಕ್ರೀಟ್ ಹೊರುವುದು ಸುಮಾರು 707 ಕಿಲೋನ್ಯೂಟನ್, ಸ್ಟೀಲ್ 362. ಒಟ್ಟು ಸುಮಾರು 1070. ಇದರ ಮೇಲೆ 0.34 ಮಿ.ಮೀ. ಕಾರ್ಬನ್ ಸುತ್ತಿ. ಕಾರ್ಡ್‌ಬೋರ್ಡ್‌ಗಿಂತ ತೆಳು! ಆದರೆ ಅದರ ಸ್ಥಿತಿಸ್ಥಾಪಕತೆಯ ಗುಣಾಂಕ, ಅಂದರೆ ಹಿಗ್ಗದೆ ಬಿಗಿಯಾಗಿ ನಿಲ್ಲುವ ಗುಣದ ಅಳತೆ, 230 ಗಿಗಾಪಾಸ್ಕಲ್. ಅದು ಶೇ. 0.9ರಷ್ಟು ಹಿಗ್ಗುವ ಹೊತ್ತಿಗೆ ಕಾಂಕ್ರೀಟನ್ನು ಸುತ್ತಲಿಂದ ಸುಮಾರು 7 ಮೆಗಾಪಾಸ್ಕಲ್ ಒತ್ತಡದಲ್ಲಿ ಅದುಮಿ ಹಿಡಿದಿರುತ್ತದೆ. ಈ ಅದುಮುವ ಒತ್ತಡದ ಮೂರು ಪಟ್ಟಿಗಿಂತ ತುಸು ಜಾಸ್ತಿ ಕಾಂಕ್ರೀಟ್‌ನ ಬಲಕ್ಕೆ ಸೇರುತ್ತದೆ. ಅಂದರೆ 30 ಇದ್ದದ್ದು 53ರ ಆಸುಪಾಸಿಗೆ ಬಂತು, ಕಾಲಮ್‌ನ ಒಟ್ಟು ಶಕ್ತಿ 1600 ದಾಟಿತು. ನಡುವೆ ಟೊಳ್ಳಿದ್ದರೂ ಇದು ನಡೆಯುವುದು ಯಾಕೆಂದರೆ, ಕಾಂಕ್ರೀಟ್ ಒಳಮುಖವಾಗಿ ಉದುರದಂತೆ ಸ್ಟೀಲ್ ಕೊಳವೆ ಬೆನ್ನು ಕೊಟ್ಟು ನಿಂತಿರುತ್ತದೆ.

ಒತ್ತುವಾಗ ಸ್ಟ್ರೇನ್ ಗೇಜ್‌ಗಳನ್ನು (ಮಾದರಿ ಎಷ್ಟು ಹಿಗ್ಗಿತು, ಕುಗ್ಗಿತು ಅಂತ ಅಳೆಯುವ ಅಂಟುಪಟ್ಟಿಗಳನ್ನು) ನೋಡುತ್ತಾ ಕೂತರೆ ಮಜಾ ಇದೆ. ಮೊದಮೊದಲು ಭಾರದ ಕಾಲು ಭಾಗಕ್ಕಿಂತ ತುಸು ಜಾಸ್ತಿ ಸ್ಟೀಲ್‌ಗೆ, ಉಳಿದದ್ದು ಕಾಂಕ್ರೀಟ್‌ಗೆ. ಸುತ್ತಿನ ಹಿಗ್ಗು ಅಳೆಯುವ ಅಡ್ಡ ಗೇಜ್ ಹೆಚ್ಚುಕಮ್ಮಿ ಸುಮ್ನೆ ಕೂತಿರುತ್ತದೆ, ಫೈಬರ್‌ಗೆ ಇನ್ನೂ ಎಚ್ಚರವೇ ಆಗಿಲ್ಲ. ಉದ್ದದ ಸ್ಟ್ರೇನ್ (ಮೂಲ ಉದ್ದಕ್ಕೆ ಹೋಲಿಸಿದರೆ ಎಷ್ಟು ಕುಗ್ಗಿತು ಎಂಬ ಪ್ರಮಾಣ) 0.0015 ತಲುಪಿದಾಗ ಸ್ಟೀಲ್ ಮಣಿಯುತ್ತದೆ. ಅಲ್ಲಿಂದಾಚೆ ಅದು ಹೊರುವ ಭಾರ ಹೆಚ್ಚೇನೂ ಏರುವುದಿಲ್ಲ. 0.002ರ ಹತ್ತಿರ ಕಾಂಕ್ರೀಟ್‌ನೊಳಗೆ ಬಿರುಕುಗಳು ಹಬ್ಬಿ ಅದು ಪಕ್ಕಕ್ಕೆ ಉಬ್ಬಲು ಶುರುಮಾಡುತ್ತದೆ, ಆಗ ಅಡ್ಡ ಗೇಜ್ ಒಮ್ಮೆಲೇ ಓಡುತ್ತದೆ. ಸಾಮಾನ್ಯ ಕಾಲಮ್ ಕುಸಿಯಲು ಹೊರಡುವ ಜಾಗದಲ್ಲೇ ಇದರ ಭಾರ-ಕುಗ್ಗುವಿಕೆಯ ಗ್ರಾಫ್ ಸ್ವಲ್ಪ ಬಾಗಿ, ಮತ್ತೆ ನೇರವಾಗಿ ಮೇಲಕ್ಕೆ ಹತ್ತುತ್ತದೆ. ಕಾಂಕ್ರೀಟ್ ಹಾಳಾಗತೊಡಗಿದ ಮೇಲೇ ಫೈಬರ್‌ನ ದುಡಿಮೆ ಶುರು, ಈ ಕಾಲಮ್‌ನ ಗುಟ್ಟು ಅಷ್ಟೇ.

ಮಾದರಿ ಮಾಡುವಾಗ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಭಾರ ಬೀಳುವ ಮೇಲ್ತುದಿಯ ಮಟ್ಟದ ಬಗ್ಗೆ. ಕಾಂಕ್ರೀಟ್ ಇಳಿದು ಸ್ಟೀಲ್ ಕೊಳವೆಯ ಅಂಚು ಕೂದಲೆಳೆಯಷ್ಟು ಎದ್ದು ನಿಂತರೂ ಮೊದಲ ಭಾರವೆಲ್ಲ ಸ್ಟೀಲ್ ಮೇಲೇ ಬೀಳುತ್ತದೆ, ಹಂಚಿಕೆಯ ಲೆಕ್ಕ ಹಾಳು. ಹಾಗಾಗಿ ಗಟ್ಟಿ ಜಿಪ್ಸಮ್ ಹಾಕಿ ಎರಡನ್ನೂ ಒಂದೇ ಮಟ್ಟಕ್ಕೆ ತರುತ್ತೇನೆ. ಸುತ್ತು ಬಿಗಿಯಲು ಸುಮಾರು 150 ಮಿ.ಮೀ. ಒಂದರ ಮೇಲೊಂದು ಬರುವಂತೆ ಎಪಾಕ್ಸಿ ಎಂಬ ಗಟ್ಟಿ ಅಂಟಿನಲ್ಲಿ ಅಂಟಿಸುತ್ತೇನೆ, ಅಡ್ಡ ಗೇಜ್‌ಗಳನ್ನು ಆ ಭಾಗದಿಂದ ದೂರ ಇಡುತ್ತೇನೆ. ಅಲ್ಲಿ ದಪ್ಪ ಜಾಸ್ತಿ, ಸ್ಟ್ರೇನ್ ಕಡಿಮೆ ತೋರಿಸುತ್ತದೆ. ಮೇಲಿನ ಮತ್ತು ಕೆಳಗಿನ ತುದಿಗೆ ಹೆಚ್ಚುವರಿ ಪಟ್ಟಿ ಬೇಕೇ ಬೇಕು, ಇಲ್ಲದಿದ್ದರೆ ತುದಿಯಲ್ಲೇ ಒಡೆದು ನಡುಭಾಗದ ಕಥೆ ಗೊತ್ತೇ ಆಗುವುದಿಲ್ಲ. ಒಂದು ಮಾತು: ಕಾರ್ಬನ್ ಸ್ಟೀಲ್‌ಗೆ ನೇರವಾಗಿ ತಾಗಿ ತೇವವೂ ಸೇರಿದರೆ ಸ್ಟೀಲ್ ತುಕ್ಕು ಹಿಡಿಯುತ್ತದೆ. ಈ ಜೋಡಣೆಯಲ್ಲಿ ನಡುವೆ ಕಾಂಕ್ರೀಟ್ ಇರುವುದರಿಂದ ಆ ತಲೆನೋವಿಲ್ಲ.

ಕೊನೆ ಬರುವ ಮುಂಚೆ ಚಿಟಿಚಿಟಿ ಸದ್ದು ಕೇಳುತ್ತದೆ, ಎಳೆಗಳು ಅಲ್ಲೊಂದು ಇಲ್ಲೊಂದು ಹರಿಯುವ ಸದ್ದು. ಆಮೇಲೆ ಢಂ ಅಂತ ಸುತ್ತು ಸಿಡಿಯುತ್ತದೆ. ಸ್ಟೀಲ್ ಮಣಿಯುವಂತೆ ಫೈಬರ್ ಮಣಿಯುವುದಿಲ್ಲ, ಹಿಗ್ಗುತ್ತಲೇ ಇದ್ದು ಒಮ್ಮೆಲೇ ಹರಿಯುತ್ತದೆ. ಅದೂ ಚಪ್ಪಟೆ ಪಟ್ಟಿಯನ್ನು ಎಳೆದು ನೋಡಿದಾಗ ಸಿಕ್ಕ ಮಿತಿಗಿಂತ ಸಾಕಷ್ಟು ಮೊದಲೇ, ಹಾಗಾಗಿ ಪಟ್ಟಿಯ ಅಂಕಿಯನ್ನು ಪೂರ್ತಿ ನಂಬಿ ವಿನ್ಯಾಸ ಮಾಡಬೇಡಿ. ಒಡೆದ ಮಾದರಿಯನ್ನು ಕತ್ತರಿಸಿ ನೋಡಿದರೆ ಸ್ಟೀಲ್ ಕೊಳವೆ ಒಳಮುಖವಾಗಿಯೇ ಗುಳಿ ಬಿದ್ದಿರುತ್ತದೆ, ಹೊರಗೆ ಉಬ್ಬಲು ಕಾಂಕ್ರೀಟ್ ಬಿಟ್ಟಿಲ್ಲ.

ಚೌಕ ಕಾಲಮ್‌ಗೂ ಈ ದುಂಡು ಕಾಲಮ್‌ನಷ್ಟು ಲಾಭ ಸಿಗುತ್ತದೆ ಅಂದುಕೊಳ್ಳಬೇಡಿ. ಸುತ್ತು ಬಿಗಿಯಾಗಿ ಹಿಡಿಯುವುದು ಮೂಲೆಗಳಲ್ಲಿ ಮಾತ್ರ, ಚಪ್ಪಟೆ ಬದಿಗಳು ಉಬ್ಬುತ್ತವೆ. ಮೂಲೆ ಚೂಪಾಗಿದ್ದರೆ ಎಳೆ ಅಲ್ಲೇ ಹರಿಯುತ್ತದೆ, ಅದಕ್ಕೆ ದುಂಡಗೆ ಉಜ್ಜಲೇಬೇಕು. ಇನ್ನು ಬೆಂಕಿ. ಸಾಮಾನ್ಯ ಎಪಾಕ್ಸಿ ನೀರು ಕುದಿಯುವ ಬಿಸಿಗೂ ಮೊದಲೇ ಮೆತ್ತಗಾಗುತ್ತದೆ. ಹಾಗಾಗಿ ಫೈಬರ್ ಪೂರ್ತಿ ಹೋಯಿತು ಅಂದುಕೊಂಡು, ದಿನನಿತ್ಯದ ಭಾರವನ್ನು ಸ್ಟೀಲ್ ಮತ್ತು ಕಾಂಕ್ರೀಟ್ ಎರಡೇ ಹೊರುತ್ತವಾ ಅಂತ ನಾನು ಮೊದಲು ನೋಡುತ್ತೇನೆ. ಮೇಲಿನ ಲೆಕ್ಕದ ಆ 1070, ಅದರಲ್ಲೂ ಬಿಸಿಗೆ ಬಲ ಕುಂದಿದ ಮೇಲೆ ಉಳಿಯುವಷ್ಟು, ಸಾಲದಿದ್ದರೆ ಸುತ್ತು ಹೆಚ್ಚಿಸುವುದಿಲ್ಲ, ಕಾಲಮ್ಮನ್ನೇ ದೊಡ್ಡದು ಮಾಡುತ್ತೇನೆ.