ಟ್ಯೂಬ್ ಆಂಪ್‌ಗೆ ಮೊದಲು ಒಂದು ರೆಸಿಸ್ಟರ್ ಕೊಂಡೆ

ಟ್ಯೂಬ್ ಆಂಪ್, ಅಂದರೆ ಟ್ರಾನ್ಸಿಸ್ಟರ್ ಬದಲು ಗಾಜಿನ ವ್ಯಾಕ್ಯೂಮ್ ಟ್ಯೂಬ್ ಇರೋ ಆಂಪ್ಲಿಫೈಯರ್, ತಗೊಳ್ಳಬೇಕಾ ಬೇಡವಾ ಅನ್ನೋದನ್ನು ನನಗೆ ತೀರ್ಮಾನ ಮಾಡಿಕೊಟ್ಟಿದ್ದು ಬೆರಳುದ್ದದ ಒಂದು ಬಿಳಿ ಸಿಮೆಂಟ್ ರೆಸಿಸ್ಟರ್, ಕರೆಂಟಿನ ಹರಿವಿಗೆ ತಡೆ ಒಡ್ಡೋ ಬಿಡಿಭಾಗ. ಹೀಗೆ ಮಾಡ್ತೀನಿ ಅಂದಾಗ ಗೆಳೆಯನೊಬ್ಬ ಹೊಟ್ಟೆ ಹಿಡಿದು ನಕ್ಕಿದ್ದ. "ಲೋ, ರೆಸಿಸ್ಟರ್ ಸಿಗಿಸಿ ಟ್ಯೂಬ್ ಅಂತೀಯಲ್ಲ, ನೀರಿಗೆ ಸುಣ್ಣ ಕಲಸಿ ಹಾಲು ಅಂದ ಹಾಗಾಯ್ತು." ಅವನ ವಿಷಯ ಆಮೇಲೆ ಬರುತ್ತದೆ.

ಮೊದಲು ಕೈ ಸುಟ್ಟುಕೊಂಡ ಕಥೆ. ನನ್ನ ಮೊದಲ ಟ್ಯೂಬ್ ಆಂಪ್ 300ಬಿ (ಅದು ಟ್ಯೂಬಿನ ಹೆಸರು) ಸಿಂಗಲ್ ಎಂಡೆಡ್, ಅಂದರೆ ಒಂದೊಂದು ಕಡೆಗೂ ಒಂದೇ ಪವರ್ ಟ್ಯೂಬ್, ಚಾನೆಲ್‌ಗೆ 8 ವ್ಯಾಟ್. ಸ್ಪೀಕರ್‌ಗೆ ಕೊಟ್ಟಿದ್ದರ ಎರಡು ಪಟ್ಟಿಗಿಂತ ಜಾಸ್ತಿ ಸುರಿದಿದ್ದೆ. ಸ್ಪೀಕರ್ ಎಷ್ಟು ಡಿಬಿ, ಒಂದು ವ್ಯಾಟಿಗೆ ಎಷ್ಟು ಸದ್ದು ಕೊಡುತ್ತೆ ಅಂದರೆ, 84, ಕಡಿಮೆಯೇ. ಗೊತ್ತಿದ್ದವರು ಇಲ್ಲೇ ನಗ್ತೀರಿ, ನಗಿ. ಒಂಟಿ ದನಿ, ಜೊತೆಗೊಂದು ಗಿಟಾರ್ ಇದ್ದರೆ ಎಷ್ಟು ಚೆನ್ನಾಗಿತ್ತು ಅಂದರೆ ಕಣ್ಣು ಮುಚ್ಚಿ ಕೂರುತ್ತಿದ್ದೆ, ಡ್ರಮ್ ಬಂದ ಕೂಡಲೇ ಗಂಟಲು ಕಟ್ಟಿದವನು ಕೂಗಿದ ಹಾಗೆ. ಟ್ಯೂಬ್ ಇನ್ನೂ ಪಳಗಬೇಕು ಅಂತ ಎಂಟು ತಿಂಗಳು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಟ್ಯೂಬ್ ಪಳಗಲಿಲ್ಲ. ಮಾರಿದಾಗ ಮೂರರಲ್ಲಿ ಒಂದು ಪಾಲು ದುಡ್ಡು ಹೋಯಿತು.

ಎರಡನೆಯದು ಸೆಕೆಂಡ್ ಹ್ಯಾಂಡ್ ಇಎಲ್34 ಪುಷ್‌ಪುಲ್. ಒಂದೊಂದು ಕಡೆಗೂ ಎರಡು ಟ್ಯೂಬ್ ಜೋಡಿಯಾಗಿ ದುಡಿಯೋ ಬಗೆ, ಈ ಸಲ ವ್ಯಾಟ್ ಬೇಕಾದಷ್ಟಿತ್ತು. ತಂದ ದಿನವೇ, ಬಯಸ್ (ಹಾಡಿಲ್ಲದಾಗ ಟ್ಯೂಬಲ್ಲಿ ಎಷ್ಟು ಕರೆಂಟ್ ಹರಿಯಬೇಕು ಅಂತ ಹಿಡಿದಿಡೋ ವೋಲ್ಟೇಜ್) ಅಳೆಯದೆ, ಆತುರಕ್ಕೆ ಹಾಡು ಹಾಕಿ ಕೂತೆ. ಅರ್ಧ ಗಂಟೆ ಆಗಿರಬೇಕು, ನಾಲ್ಕು ಟ್ಯೂಬಲ್ಲಿ ಒಂದರ ಪ್ಲೇಟ್ ಮಧ್ಯದಲ್ಲಿ ನಾಣ್ಯದಷ್ಟು ಜಾಗ ಕೆಂಪಾಗಿ ಹೊಳೀತಾ ಇತ್ತು. ನಾನು ಅದನ್ನು ಫಿಲಮೆಂಟ್ ಬೆಳಕು ಅಂದುಕೊಂಡು ಫೋಟೋ ತೆಗೆದೆ! ಸ್ವಿಚ್ ಆರಿಸೋ ಹೊತ್ತಿಗೆ ಸುಟ್ಟ ವಾಸನೆ. ಆಗಿದ್ದಿಷ್ಟೇ, ಹಾಡನ್ನು ಮಾತ್ರ ಬಿಟ್ಟು ಡಿಸಿ ವೋಲ್ಟೇಜ್ ತಡೆಯಬೇಕಾದ ಹಳೇ ಕಪ್ಲಿಂಗ್ ಕೆಪಾಸಿಟರ್ ಸೋರಿ, ಟ್ಯೂಬಿನ ಕರೆಂಟನ್ನು ಹಿಡಿತದಲ್ಲಿಡೋ ಗ್ರಿಡ್‌ಗೆ ಪಾಸಿಟಿವ್ ವೋಲ್ಟೇಜ್ ಬರ್ತಾ ಇತ್ತು, ಬಯಸ್ ಕೈಬಿಟ್ಟಿತ್ತು. ಒಂದು ಜೋಡಿ ಟ್ಯೂಬ್, ಕ್ಯಾಥೋಡ್ (ಟ್ಯೂಬಿನ ಕರೆಂಟೆಲ್ಲ ಹಾದುಹೋಗೋ ಕಾಲು) ರೆಸಿಸ್ಟರ್, ನಾಲ್ಕೂ ಕೆಪಾಸಿಟರ್ ಹಾಕಿಸಿದೆ. ರಿಪೇರಿಗೆ ಆಂಪ್ ಕೊಂಡ ದುಡ್ಡಿನ ಅರ್ಧ ಆಯಿತು. ಕ್ಯಾಥೋಡಲ್ಲಿ 10 ಓಮ್ ರೆಸಿಸ್ಟರ್ ಇತ್ತು, ಅದರ ಮೇಲೆ ಮೀಟರ್ ಹಿಡಿದಿದ್ದರೆ ಇರಬೇಕಾದ 0.4 ವೋಲ್ಟ್ ಬದಲು ಎಷ್ಟು ಬರ್ತಾ ಇದೆ ಅಂತ ಎರಡು ನಿಮಿಷದಲ್ಲಿ ಗೊತ್ತಾಗ್ತಿತ್ತು. (ಒಳಗೆ 400 ವೋಲ್ಟ್ ಇರುತ್ತೆ, ಆಫ್ ಮಾಡಿದ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದಿರುತ್ತೆ. ಒಂದು ಕೈ ಜೇಬಲ್ಲೇ ಇರಲಿ.)

ಅದನ್ನೂ ಮಾರಿದೆ. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ, ಅದೇ ಜಾಸ್ತಿ ಚುಚ್ಚಿತು.

ಮೂರನೇ ಸಲ ಅಳೆದು ಹೊರಟೆ. ನನಗೆ ನಿಜವಾಗಿ ಎಷ್ಟು ವ್ಯಾಟ್ ಬೇಕು? ನನ್ನ ಹಳೇ ಟ್ರಾನ್ಸಿಸ್ಟರ್ ಆಂಪಲ್ಲೇ, ನಾನು ಯಾವತ್ತೂ ದಾಟದಷ್ಟು ಜೋರಾಗಿ ಹಾಡು ಇಟ್ಟು, ನಾಬ್ ಮುಟ್ಟದೆ ಸ್ಪೀಕರ್ ವೈರ್ ಬಿಚ್ಚಿ, ರೆಕಾರ್ಡಿಂಗಿನ ಗರಿಷ್ಠ ಮಟ್ಟಕ್ಕಿಂತ 12 ಡಿಬಿ ಕೆಳಗಿನ ಸೈನ್ ಟೋನ್ (ಒಂದೇ ಸಮನೆಯ ಶುದ್ಧ ಸ್ವರ) ಹಾಕಿ ಟರ್ಮಿನಲ್‌ಗೆ ಮೀಟರ್ ಹಿಡಿದೆ. ಹತ್ತಿರ ಹತ್ತಿರ 3 ವೋಲ್ಟ್. ಹಾಡಿನ ಅತಿ ಜೋರು ಕ್ಷಣ ಅದಕ್ಕಿಂತ 12 ಡಿಬಿ ಮೇಲೆ ಹೋಗಬಹುದು, 12 ಡಿಬಿ ಅಂದರೆ ವೋಲ್ಟೇಜ್ ನಾಲ್ಕು ಪಟ್ಟು, 12 ವೋಲ್ಟ್ ಆಯಿತು, 8 ಓಮ್‌ಗೆ ಲೆಕ್ಕ ಹಾಕಿದರೆ 18 ವ್ಯಾಟ್. ನಾನು ಕೊಂಡಿದ್ದು 8 ವ್ಯಾಟಿನ ಆಂಪ್! ಎಂಟು ತಿಂಗಳ ಉತ್ತರ ಐದು ನಿಮಿಷದಲ್ಲಿ ಸಿಕ್ಕಿತು. ಹಾಗಾಗಿ ಮೊದಲು ಸ್ಪೀಕರ್ ಬದಲಾಯಿಸಿದೆ, 90 ಡಿಬಿಯದು, ಸೆಕೆಂಡ್ ಹ್ಯಾಂಡ್. ಹಳೇದನ್ನು ಕೊಟ್ಟು ಮೇಲೆ ಹಾಕಿದ್ದು ಒಂದು ಜೋಡಿ ಒಳ್ಳೆ 300ಬಿ ಟ್ಯೂಬಿಗಿಂತ ಕಡಿಮೆ. ಮತ್ತೆ ಅಳೆದರೆ ಒಂದೂವರೆ ವೋಲ್ಟ್, ಅಂದರೆ ನಾಲ್ಕೂವರೆ ವ್ಯಾಟ್ ಸಾಕು.

ಈಗ ರೆಸಿಸ್ಟರ್. ಟ್ಯೂಬ್ ಆಂಪ್‌ಗೆ ಔಟ್‌ಪುಟ್ ಇಂಪಿಡೆನ್ಸ್, ಅಂದರೆ ಸ್ಪೀಕರಿಗೆ ಹೋಗೋ ಕರೆಂಟಿಗೆ ಆಂಪಿನ ಒಳಗೇ ಇರೋ ತಡೆ, ಜಾಸ್ತಿ ಅಂತ ಎಲ್ಲರಿಗೂ ಗೊತ್ತು. ಹಾಗಿದ್ದರೆ ಟ್ರಾನ್ಸಿಸ್ಟರ್ ಆಂಪಿಗೂ ಸ್ಪೀಕರಿಗೂ ನಡುವೆ ಅಷ್ಟೇ ಓಮಿನ ರೆಸಿಸ್ಟರ್ ಇಟ್ಟು ಕೇಳಿದರೆ ಅರ್ಧ ಟ್ಯೂಬ್ ಸಿಕ್ಕ ಹಾಗೆ ಅಲ್ವಾ? ಇದೇನು ನನ್ನ ತಲೆಯದಲ್ಲ, ಅಮೆರಿಕದ ಆಂಪ್ ತಯಾರಕ ಬಾಬ್ ಕಾರ್ವರ್ 1985ರಲ್ಲಿ ಟ್ರಾನ್ಸಿಸ್ಟರ್ ಆಂಪನ್ನು ಇದಕ್ಕಿಂತ ಎಷ್ಟೋ ನಾಜೂಕಾಗಿ ತಿದ್ದಿ ದುಬಾರಿ ಆಂಪಿನ ಹಾಗೆ ಹಾಡಿಸಿ, ಸ್ಟೀರಿಯೊಫೈಲ್ ಪತ್ರಿಕೆಯವರ ಕೈಲೇ ಹೌದು ಅನ್ನಿಸಿದ್ದ. ನಾನು 1, 2.2, 3.3 ಓಮ್ ತಂದೆ, ಎಲ್ಲಾ 20 ವ್ಯಾಟಿನವು.

ಮೊದಲ ಪ್ರಯತ್ನ ಹಾಳಾಯಿತು. ರೆಸಿಸ್ಟರ್ ಹಾಕಿದರೆ ಸದ್ದು ಇಳಿಯುತ್ತೆ, ರೆಸಿಸ್ಟರ್ ಇದ್ದಾಗಲೂ ಇಲ್ಲದಾಗಲೂ ಸದ್ದು ಸಮ ಮಾಡಿಕೊಂಡೇ ಕೇಳಬೇಕು. ನಾನು 60 ಹರ್ಟ್ಸಲ್ಲಿ ಸಮ ಮಾಡಿದೆ. ಸ್ಪೀಕರಿನ ಇಂಪಿಡೆನ್ಸ್ ಎಲ್ಲಾ ಸ್ವರಕ್ಕೂ ಒಂದೇ ಅಲ್ಲ, ನನ್ನದರ ಗುಡ್ಡ ಸರಿಯಾಗಿ ಅಲ್ಲೇ ಇದೆ, 25 ಓಮ್ ಹತ್ತಿರ, ಅಲ್ಲಿ ರೆಸಿಸ್ಟರ್ ಸದ್ದನ್ನು ಅಷ್ಟಾಗಿ ಇಳಿಸಲ್ಲ! ಅಲ್ಲಿ ಸಮ ಮಾಡಿದ್ದಕ್ಕೆ ದನಿ ಇರೋ ಜಾಗವೆಲ್ಲ ತಗ್ಗಿಹೋಯಿತು, "ಟ್ಯೂಬ್ ಸೌಂಡ್ ಸಪ್ಪೆ" ಅಂತ ಒಂದು ವಾರ ತೀರ್ಪು ಕೊಟ್ಟುಕೊಂಡು ತಿರುಗಿದೆ. ಆಮೇಲೆ 300 ಹರ್ಟ್ಸಲ್ಲಿ ಮಾಡಿದೆ. 1000ದಲ್ಲಿ ಮಾಡಬಹುದಿತ್ತು, ನನ್ನ ಅಗ್ಗದ ಮೀಟರ್ 400 ದಾಟಿದರೆ ಸುಳ್ಳು ಹೇಳುತ್ತೆ.

3.3 ಓಮ್ ಹಾಕಿದಾಗ ಬಾಸ್ ಗುಂಯ್ ಅಂತ ಉಬ್ಬಿತು, ಡಬಲ್ ಬಾಸ್‌ನ ಒಂದು ಸ್ವರ ಮಾತ್ರ ಕೋಣೆ ತುಂಬಾ. 2.2ರಲ್ಲಿ ಮೊದಲ ದಿನ ಖುಷಿ, ಮೂರನೇ ದಿನ ಸಾಕಾಯಿತು. ಲೆಕ್ಕ ಹಾಕಿದರೆ ಇಂಪಿಡೆನ್ಸ್ ಏರಿದ ಕಡೆಗೂ ಇಳಿದ ಕಡೆಗೂ ಎರಡೂವರೆ ಡಿಬಿ ವ್ಯತ್ಯಾಸ, ಕಿವಿಗೆ ಬೀಳದೆ ಇರುತ್ತಾ? 1 ಓಮ್ ಮಾತ್ರ ತೆಗೆಯೋಕೆ ಮನಸ್ಸಾಗಲಿಲ್ಲ. ನಕ್ಕಿದ್ದ ಗೆಳೆಯನನ್ನು ಕರೆದು ಕೂರಿಸಿ, ತಮ್ಮನ ಕೈಗೆ ಸ್ವಿಚ್ ಕೊಟ್ಟೆ. ಏನೂ ಫರಕ್ ಇರಲ್ಲ ಅಂದಿದ್ದವನು ರೆಸಿಸ್ಟರ್ ಇದೆಯಾ ಇಲ್ವಾ ಅಂತ ಹತ್ತಕ್ಕೆ ಒಂಬತ್ತು ಸಲ ಸರಿ ಹೇಳಿದ. ಅವನ ಮುಖ ನೋಡಬೇಕಿತ್ತು.

1 ಓಮೇ ಹಿಡಿಸಿದ್ದರಿಂದ ಸಿಂಗಲ್ ಎಂಡೆಡ್ ಪಟ್ಟಿಯಿಂದಲೇ ಹೋಯಿತು, ಫೀಡ್‌ಬ್ಯಾಕ್ (ಹೊರಬಂದಿದ್ದರಲ್ಲಿ ಒಂದಿಷ್ಟನ್ನು ಹಿಂದಕ್ಕೆ ಕೊಟ್ಟು ಆಂಪ್ ತನ್ನ ತಪ್ಪು ತಿದ್ದಿಕೊಳ್ಳೋದು) ಇಲ್ಲದ ಅಂಥ ಆಂಪಲ್ಲಿ ಆ ಇಂಪಿಡೆನ್ಸ್ ಎರಡು ಮೂರು ಓಮ್ ಮಾಮೂಲಿ. ನನಗೆ ಬೇಕಾಗಿದ್ದು ಫೀಡ್‌ಬ್ಯಾಕ್ ಇರೋ ಸಣ್ಣ ಪುಷ್‌ಪುಲ್. ಇಎಲ್84, 12 ವ್ಯಾಟ್, ಬಯಸ್ ತಾನೇ ಹೊಂದಿಸಿಕೊಳ್ಳೋ ಸೆಲ್ಫ್ ಬಯಸ್. ಮೊದಲ ಆಂಪಿನ ಮೂರನೇ ಒಂದು ಪಾಲಿಗೆ ಸಿಕ್ಕಿತು, ಈ ಸಲ ಮುಚ್ಚಳ ತೆಗೆದು ಅಳೆದೇ ದುಡ್ಡು ಕೊಟ್ಟೆ. ಅದರ ಮೊದಲ ಹಂತದ ಸಣ್ಣ ಟ್ಯೂಬ್ ಇಸಿಸಿ83ಗಳಲ್ಲಿ ಒಂದನ್ನು ಪೆನ್ಸಿಲಿನಿಂದ ತಟ್ಟಿದರೆ ಸ್ಪೀಕರಲ್ಲಿ ಗಂಟೆ ಹೊಡೀತಿತ್ತು, ಬದಲಾಯಿಸಿದೆ. ಸದ್ದಿಲ್ಲದ ಹಳೇ ಇಸಿಸಿ83 ಹೇಗೆ ಆರಿಸ್ತೀನಿ ಅನ್ನೋದನ್ನು ಮಾತ್ರ ಹೇಳಲ್ಲ, ನನಗೇ ಇನ್ನೂ ನಾಲ್ಕು ಕೊಳ್ಳೋದಿದೆ.

ಮಧ್ಯೆ ಸುಮ್ನೆ ಇನ್ನೊಂದು ಆಟ ಆಡಿದೆ, ಟ್ಯೂಬ್ ಆಂಪ್ ಬೆರೆಸುತ್ತೆ ಅನ್ನೋ ಎರಡನೇ ಹಾರ್ಮೋನಿಕ್ (ಮೂಲ ಸ್ವರದ ಎರಡು ಪಟ್ಟು ಹರ್ಟ್ಸಿನ ಸ್ವರ) ಕಂಪ್ಯೂಟರಲ್ಲಿ ಸೇರಿಸಿ ಕೇಳಿದೆ. ಅರ್ಧ ಪರ್ಸೆಂಟಿಗೆ ನನ್ನ ಕಿವಿಗೆ ಏನೂ ಗೊತ್ತಾಗಲಿಲ್ಲ, 3ಕ್ಕೆ ಪಿಯಾನೊ ಸ್ವಲ್ಪ ದಪ್ಪ ಅನಿಸಿತು.

ಆಂಪ್ ಬಂದ ಮೇಲೆ ಅದನ್ನೂ, 1 ಓಮ್ ಹಾಕಿದ ಟ್ರಾನ್ಸಿಸ್ಟರನ್ನೂ ಎದುರುಬದುರು ಇಟ್ಟೆ. ಸ್ವಿಚ್ ಮಾಡುವಾಗ ಟ್ಯೂಬ್ ಆಂಪ್ ಖಾಲಿ ಬಿಡಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗುತ್ತೆ, ಸ್ಪೀಕರ್ ಇಲ್ಲದ ಹೊತ್ತಿಗೆ ಅಂತ 8 ಓಮಿನ ರೆಸಿಸ್ಟರ್ (ಡಮ್ಮಿ ಲೋಡ್) ಇಟ್ಟಿದ್ದೆ. ಗೆಳೆಯ ಹತ್ತಕ್ಕೆ ಆರು, ನಾನು ಐದು. ಅಂದರೆ ಇಬ್ಬರೂ ಊಹೆ ಮಾಡಿದ್ದು.

ಹಾಗಾದರೆ ಯಾಕೆ ಇಟ್ಟುಕೊಂಡೆ ಅಂತೀರಾ? ಗೋಡೆಯ ಪ್ಲಗ್ಗಿಂದ ಸುಮಾರು 110 ವ್ಯಾಟ್ ಎಳೆಯುತ್ತೆ, ಟ್ರಾನ್ಸಿಸ್ಟರ್ ಸುಮ್ನೆ ಕೂತಾಗ 20 ಕೂಡ ಇಲ್ಲ. ಎರಡು ಸಾವಿರ ಗಂಟೆ ಮೇಲಾಯಿತು, ಇಎಲ್84 ಇನ್ನೇನು ಬದಲಾಯಿಸಬೇಕು. ಆದರೂ ರಾತ್ರಿ ದೀಪ ಆರಿಸಿ ಕೂತಾಗ ಆ ನಾಲ್ಕು ಕೆಂಡ ಕಾಣಬೇಕು ನನಗೆ, ಕೆಟ್ಟರೆ ನಾನೇ ಬಿಚ್ಚಿ ನೋಡಬೇಕು. ಅದಕ್ಕೆ ಕೊಟ್ಟ ದುಡ್ಡು ಅದು, ಸದ್ದಿಗೆ ಅಲ್ಲ ಅಂತ ಗೊತ್ತಿದ್ದೇ ಕೊಟ್ಟೆ.

1 ಓಮ್ ರೆಸಿಸ್ಟರ್ ಎರಡನ್ನೂ ಗೆಳೆಯ ಒಂದು ವಾರಕ್ಕೆ ಅಂತ ಒಯ್ದ. ನಾಲ್ಕು ತಿಂಗಳಾಯಿತು, ಕೇಳಿದರೆ ಮಾತು ಬದಲಾಯಿಸ್ತಾನೆ.