‘ಅಲ್ಲಿ ಗಾಂಜಾ ಲೀಗಲ್ಲಾ?’: ಒಂದು ದೇಶದ ಕಾನೂನನ್ನು ಓದುವ ಬಗೆ

ಈ ಪ್ರಶ್ನೆಗೆ ಯಾರಾದರೂ ಬರೀ ‘ಹೌದು’ ಅಥವಾ ‘ಇಲ್ಲ’ ಎಂದರೆ ಅವರು ಕಾಯ್ದೆ ಓದಿಲ್ಲ ಎಂದೇ ತಿಳಿಯಿರಿ. ಗಿಡದ ಯಾವ ಭಾಗ, ಎಷ್ಟು ತೂಕ, ಯಾರ ಹತ್ತಿರ, ಯಾವ ಜಾಗದಲ್ಲಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಯಾವ ದೇಶದ ಕಾಯ್ದೆ ಕೈಗೆ ಬಂದರೂ ಮುಂದಿನ ಕ್ರಮದಲ್ಲಿ ಓದಿದರೆ ದಾರಿ ತಪ್ಪುವುದು ಕಡಿಮೆ.

ಮೊದಲು ವ್ಯಾಖ್ಯೆಯ ಕಲಂ

ಶಿಕ್ಷೆಯ ಕಲಮಿಗೆ ನೇರವಾಗಿ ಹಾರಬೇಡಿ. 1961ರ ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದದಲ್ಲಿ ‘ಕ್ಯಾನಬಿಸ್’ ಎಂದರೆ ಗಿಡದ ಹೂ ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದ ಬೀಜ, ಎಲೆ ಅದರ ಲೆಕ್ಕಕ್ಕೆ ಬರುವುದಿಲ್ಲ. ಭಾರತದ 1985ರ ಎನ್‌ಡಿಪಿಎಸ್ (ಮಾದಕವಸ್ತು ನಿಯಂತ್ರಣ) ಕಾಯ್ದೆ ಇದೇ ಜಾಡು ಹಿಡಿದಿದೆ: ತುದಿ ಗಾಂಜಾ, ಬೇರ್ಪಡಿಸಿದ ಅಂಟು ಚರಸ್, ಬರೀ ಎಲೆಯ ಭಂಗಿ ಇವೆರಡರಿಂದಲೂ ಹೊರಗೆ. ಆದ್ದರಿಂದ ಭಂಗಿಯ ವಿಷಯಕ್ಕೆ ಆಯಾ ರಾಜ್ಯದ ಅಬಕಾರಿ ಕಾನೂನನ್ನು ನೋಡಬೇಕು. ಬ್ರಿಟನ್ನಿನಲ್ಲಿ ಇದೇ ಎಲೆ ನಿಷೇಧದ ಒಳಗೇ ಇದೆ. ಅಲ್ಲಿನ ವ್ಯಾಖ್ಯೆ ಬಲಿತ ಕಾಂಡ, ನಾರು, ಬೀಜಗಳನ್ನು ಬೇರ್ಪಡಿಸಿದಾಗ ಮಾತ್ರ ಬಿಡುತ್ತದೆ.

ಕ್ರಿಯಾಪದಗಳನ್ನು ಗುರುತು ಹಾಕಿ

ಇಟ್ಟುಕೊಳ್ಳುವುದು, ಸೇದುವುದು, ಬೆಳೆಯುವುದು, ಕೊಳ್ಳುವುದು, ಹಂಚುವುದು, ಒಂದೊಂದೂ ಬೇರೆ ಅಪರಾಧ. ಜಪಾನ್‌ನಲ್ಲಿ ಗಾಂಜಾ ಇಟ್ಟುಕೊಂಡರೆ ದಶಕಗಳಿಂದ ಶಿಕ್ಷೆ ಇತ್ತು. ಸೇವನೆಯೇ ಅಪರಾಧವಾದದ್ದು 2024ರ ಡಿಸೆಂಬರ್‌ನಲ್ಲಿ. ಜನ ಹೆಚ್ಚಾಗಿ ಎಡವುವುದು ‘ಹಂಚುವುದು’ ಎಂಬಲ್ಲಿ. ಕಾಸು ಮುಟ್ಟದೆ ಗೆಳೆಯನ ಕೈಗೆ ದಾಟಿಸಿದ್ದನ್ನೂ ಅನೇಕ ಕಾಯ್ದೆಗಳು ಪೂರೈಕೆ ಎಂದೇ ಕರೆಯುತ್ತವೆ, ಆಗ ಸ್ವಂತ ಬಳಕೆಯ ರಿಯಾಯಿತಿ ಕೈತಪ್ಪುತ್ತದೆ.

ಗ್ರಾಂ ಎಂಬ ಬಲೆ

ಕಾಯ್ದೆಯಲ್ಲಿ ಸಂಖ್ಯೆ ಕಂಡ ಕೂಡಲೇ ‘ಅಷ್ಟರವರೆಗೆ ಪರವಾಗಿಲ್ಲ’ ಎಂದುಕೊಳ್ಳುವುದು ದುಬಾರಿ ತಪ್ಪು. ಆ ಸಂಖ್ಯೆ ನಾಲ್ಕು ಬಗೆಯ ಕೆಲಸಗಳಲ್ಲಿ ಯಾವುದನ್ನು ಮಾಡುತ್ತಿದೆ ಎಂದು ಮೊದಲು ನೋಡಿ.

ಒಂದು, ಅನುಮತಿಯ ಮಿತಿ. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರು ಸಾರ್ವಜನಿಕ ಜಾಗದಲ್ಲಿ 30 ಗ್ರಾಂ ಒಣ ಗಾಂಜಾ ಇಟ್ಟುಕೊಳ್ಳಬಹುದು. ಜರ್ಮನಿಯಲ್ಲಿ 2024ರ ಏಪ್ರಿಲ್ 1ರಿಂದ ಹೊರಗೆ 25 ಗ್ರಾಂ, ಮನೆಯಲ್ಲಿ 50 ಗ್ರಾಂ, ಮೂರು ಗಿಡ.

ಎರಡು, ಜೈಲಿನಿಂದ ದೂರ ಇಡುವ ಗೆರೆ. ಪೋರ್ಚುಗಲ್ಲಿನಲ್ಲಿ 2001ರಿಂದ ಹತ್ತು ದಿನದ ಸ್ವಂತ ಬಳಕೆಗೆ ಸಾಲುವಷ್ಟು ಪ್ರಮಾಣವೇ ಅಳತೆಗೋಲು. ಅದರೊಳಗಿದ್ದರೆ ಕ್ರಿಮಿನಲ್ ಮೊಕದ್ದಮೆ ಇಲ್ಲ. ಆದರೆ ಪೊಲೀಸರು ಮಾಲು ಕಿತ್ತುಕೊಳ್ಳುತ್ತಾರೆ, ಹಿಡಿಸಿಕೊಂಡವರು ಒಂದು ಆಯೋಗದ ಮುಂದೆ ಹಾಜರಾಗಬೇಕು. ಅಪರಾಧವಲ್ಲ ಎಂದರೆ ಅನುಮತಿ ಇದೆ ಎಂದರ್ಥವಲ್ಲ.

ಮೂರು, ಬರೀ ಶಿಕ್ಷೆಯ ಮೆಟ್ಟಿಲು. ಭಾರತದ ‘ಅಲ್ಪ ಪ್ರಮಾಣ’ ಈ ಜಾತಿಯದು, ಅತಿ ಹೆಚ್ಚು ತಪ್ಪಾಗಿ ಓದಲಾಗುವುದೂ ಇದೇ. ಗಾಂಜಾಕ್ಕೆ 1 ಕಿಲೋ, ಚರಸ್‌ಗೆ 100 ಗ್ರಾಂ ಎಂದು ನೋಡಿ ಒಂದು ಕಿಲೋ ತನಕ ವಿನಾಯಿತಿ ಎಂದು ಹೇಳುವವರಿದ್ದಾರೆ. ಸುಳ್ಳು. ಒಂದು ಗ್ರಾಂ ಇದ್ದರೂ ಅಪರಾಧವೇ: ಒಂದು ವರ್ಷದವರೆಗೆ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಲ್ಪ ಪ್ರಮಾಣ ಮೀರಿದರೆ ಶಿಕ್ಷೆ ಹತ್ತು ವರ್ಷದವರೆಗೆ ಹೋಗಬಹುದು. ಗಾಂಜಾ 20 ಕಿಲೋ, ಚರಸ್ 1 ಕಿಲೋ ದಾಟಿದರೆ ಅದು ವಾಣಿಜ್ಯ ಪ್ರಮಾಣ. ಅಲ್ಲಿ ಹತ್ತು ವರ್ಷವೇ ಕನಿಷ್ಠ, ಜಾಮೀನೂ ಬಲು ಕಷ್ಟ. ಸೇವನೆಗೆ 27ನೇ ಕಲಂ ಬೇರೆಯೇ ಇದೆ. ವ್ಯಸನಿಯಾದವರು ತಾವಾಗಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವುದು 64ಎ ಕಲಂ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹಿಂತೆಗೆಯಬಹುದು.

ನಾಲ್ಕು, ಊಹೆಯ ಗೆರೆ. ಸಿಂಗಪುರದಲ್ಲಿ 15 ಗ್ರಾಂ ಮೀರಿ ಗಾಂಜಾ ಸಿಕ್ಕರೆ ಮಾರಾಟಕ್ಕೇ ಇಟ್ಟದ್ದೆಂದು ಕಾನೂನು ಭಾವಿಸುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊರೆ ಆರೋಪಿಯದು. 500 ಗ್ರಾಂ ಮೀರಿದ ಸಾಗಣೆಗೆ ಅಲ್ಲಿ ಮರಣದಂಡನೆ ಇದೆ.

ಗೆರೆಯ ಬಗೆ ತಿಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಯಾವುದರ ತೂಕ? ಕೆನಡಾದ ಕಾಯ್ದೆಯ ಪಟ್ಟಿ ಪ್ರಕಾರ 1 ಗ್ರಾಂ ಒಣ ಗಾಂಜಾಕ್ಕೆ 5 ಗ್ರಾಂ ಹಸಿ, 15 ಗ್ರಾಂ ತಿನಿಸು, 70 ಗ್ರಾಂ ದ್ರವ (ಪಾನೀಯ ಬಿಟ್ಟು), ಕಾಲು ಗ್ರಾಂ ಸಾಂದ್ರ ಸಾರ ಸಮ. ಅಂದರೆ ಸಾಂದ್ರ ಸಾರದ ಮಿತಿ 30 ಗ್ರಾಂ ಅಲ್ಲ, ಏಳೂವರೆ. ಭಾರತದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದ್ದು ಬೇರೆ ಲೆಕ್ಕ: ಮಾದಕವಸ್ತುವಿಗೆ ಬೇರೇನಾದರೂ ಬೆರೆಸಿದ್ದರೆ ಇಡೀ ಮಿಶ್ರಣದ ತೂಕವೇ ಪ್ರಮಾಣ. ಇನ್ನು ಕಿತ್ತ ಹಸಿ ಗಿಡವನ್ನು ಬೇರು, ಕಾಂಡ ಸಮೇತ ತಕ್ಕಡಿಗೆ ಹಾಕಿದರೆ ಅಂಕಿ ಉಬ್ಬುತ್ತದೆ. ವ್ಯಾಖ್ಯೆಯಲ್ಲಿ ತುದಿ ಮಾತ್ರ ಇರುವ ಕಡೆ ವಕೀಲರು ಮೊದಲು ಪಂಚನಾಮೆಯ ತೂಕವನ್ನು ಕೆದಕುವುದು ಇದಕ್ಕೇ.

ಮಿತಿಯೊಳಗಿದ್ದರೂ ಸಣ್ಣ ಸಣ್ಣ ಪೊಟ್ಟಣ, ತೂಕದ ಯಂತ್ರ, ಫೋನಿನಲ್ಲಿ ದರದ ಮಾತುಕತೆ ಸಿಕ್ಕರೆ ಸ್ವಂತ ಬಳಕೆ ಎಂಬ ವಾದ ನಿಲ್ಲುವುದು ಕಷ್ಟ.

ಜಾಗ ಮತ್ತು ಮನುಷ್ಯ

ಸ್ಪೇನ್‌ನಲ್ಲಿ ಮನೆಯೊಳಗಿನ ಸ್ವಂತ ಬಳಕೆಗೆ ಶಿಕ್ಷೆ ಇಲ್ಲ. ಬೀದಿಯಲ್ಲಿ ಸಿಕ್ಕಿಬಿದ್ದರೆ 2015ರ ಕಾನೂನಿನಂತೆ ದಂಡ 601 ಯೂರೋದಿಂದ ಶುರು. ಜರ್ಮನಿಯಲ್ಲಿ ಶಾಲೆಯ ಬಾಗಿಲಿಂದ 100 ಮೀಟರ್ ಒಳಗೆ ಕಣ್ಣಿಗೆ ಬೀಳುವಂತೆ ಸೇದುವ ಹಾಗಿಲ್ಲ, ಪಾದಚಾರಿ ಬೀದಿಗಳಲ್ಲಿ ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೂ ಇಲ್ಲ. ಉರುಗ್ವೆ 2013ರಲ್ಲಿ ದೇಶದಾದ್ಯಂತ ಮೊದಲು ದಾರಿ ತೆರೆಯಿತು ನಿಜ, ಆದರೆ ಔಷಧಿ ಅಂಗಡಿಯ ತಿಂಗಳ 40 ಗ್ರಾಂ ಹೆಸರು ನೋಂದಾಯಿಸಿದ ನಿವಾಸಿಗಳಿಗಷ್ಟೇ. ಪ್ರವಾಸಿಗೆ ಅದು ಸಿಗುವಂತೆ ಕಾನೂನು ಬರೆದಿಲ್ಲ. ಸಿಂಗಪುರದ ಕಾನೂನಾದರೋ ತನ್ನ ನಾಗರಿಕರನ್ನು ಹೊರದೇಶಕ್ಕೂ ಹಿಂಬಾಲಿಸುತ್ತದೆ. ಬೇರೆಡೆ ಸೇದಿ ಬಂದರೂ ಅಪರಾಧವೇ.

ಒಕ್ಕೂಟ ದೇಶಗಳಲ್ಲಿ ಎರಡು ಕಾನೂನು ಓದಬೇಕು. ಅಮೆರಿಕದಲ್ಲಿ ರಾಜ್ಯ ಬಿಟ್ಟರೂ ಫೆಡರಲ್ (ಕೇಂದ್ರದ) ಕಾನೂನು ಬಿಟ್ಟಿಲ್ಲ. ರಾಷ್ಟ್ರೀಯ ಉದ್ಯಾನದೊಳಗೆ, ರಾಜ್ಯದ ಗಡಿ ದಾಟುವಾಗ, ವೀಸಾ ವಿಚಾರಣೆಯಲ್ಲಿ ನಡೆಯುವುದು ಫೆಡರಲ್ ಮಾತೇ. ಕೆನಡಾದಲ್ಲೂ ವಯಸ್ಸಿನ ಮಿತಿ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ, ಕ್ವಿಬೆಕ್‌ನಲ್ಲಿ 21.

ತಾರೀಖು, ವಾಹನ, ಗಡಿ

ತಿದ್ದುಪಡಿ ಸೇರಿದ ಪಠ್ಯವನ್ನೇ ಓದಿ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕವಸ್ತುಗಳ ಪಟ್ಟಿಯಿಂದ ತೆಗೆದಿತ್ತು, 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಕಡ್ಡಾಯ ಮಾಡಿತು. ನಡುವಿನ ಮೂರು ವರ್ಷದ ಬರಹ ಓದಿ ಹೊರಟವರು ಎಡವುತ್ತಾರೆ.

ವಾಹನ ಓಡಿಸುವ ನಿಯಮ ಬೇರೆ ಕಾಯ್ದೆಯಲ್ಲಿ ಕೂತಿರುತ್ತದೆ. ಜರ್ಮನಿಯಲ್ಲಿ ರಕ್ತದ ಸೀರಂನಲ್ಲಿ (ರಕ್ತಕಣ ತೆಗೆದ ದ್ರವದಲ್ಲಿ) ಗಾಂಜಾದ ಅಮಲೇರಿಸುವ ಅಂಶವಾದ ಟಿಎಚ್‌ಸಿ ಮಿಲಿಲೀಟರಿಗೆ 3.5 ನ್ಯಾನೋಗ್ರಾಂ ಮುಟ್ಟಿದರೆ ತಪ್ಪು. ದಿನವೂ ಸೇದುವವರ ರಕ್ತದಲ್ಲಿ ಅಮಲಿಳಿದ ಮೇಲೂ ಟಿಎಚ್‌ಸಿ ಉಳಿದಿರಬಹುದು.

ಗಡಿಯಲ್ಲಂತೂ ಎರಡೂ ಕಡೆ ಅನುಮತಿ ಇದ್ದರೂ ಉಪಯೋಗವಿಲ್ಲ. ಕೆನಡಾದಿಂದ, ಗಾಂಜಾ ಮಾರಾಟ ನಡೆಯುವ ಅಮೆರಿಕದ ಪಕ್ಕದ ರಾಜ್ಯಕ್ಕೆ ಒಂದೇ ಗ್ರಾಂ ಒಯ್ದರೂ ಅಪರಾಧ. ಗಾಂಜಾ ಗಿಡದ ಅಮಲಿಲ್ಲದ ಅಂಶವಾದ ಸಿಬಿಡಿಯ ಎಣ್ಣೆ, ಗಾಂಜಾ ಸೇರಿದ ಮಿಠಾಯಿಗಳಿಗೂ ಅದೇ ನಿಯಮ. ವೈದ್ಯರ ಚೀಟಿ ಇದ್ದವರು ಹೋಗುವ ದೇಶದ ಅಧಿಕಾರಿಗಳಿಂದ ಲಿಖಿತ ಅನುಮತಿ ಕೈಗೆ ಬಂದ ಮೇಲಷ್ಟೇ ಔಷಧಿಯನ್ನು ಪೆಟ್ಟಿಗೆಗೆ ಹಾಕಬೇಕು.