‘ರಿಮೆಂಬರ್’ ಜೊತೆಗೆ ಯಾವ ಕ್ರಿಯಾವಿಶೇಷಣ, ವಾಕ್ಯದಲ್ಲಿ ಎಲ್ಲಿ?

ಇಂಗ್ಲಿಷಿನ ‘ರಿಮೆಂಬರ್’ ಎಂಬ ಕ್ರಿಯಾಪದ ಶಾಲೆಯ ಮೊದಲ ವರ್ಷಗಳಲ್ಲಿಯೇ ಪರಿಚಯವಾಗುತ್ತದೆ. ಆದರೂ ನೆನಪು ಎಂಥದ್ದು, ಎಷ್ಟು ನಿಚ್ಚಳವಾದದ್ದು ಎಂಬುದನ್ನು ಒಂದು ಕ್ರಿಯಾವಿಶೇಷಣ ಸೇರಿಸಿ ಹೇಳಬೇಕಾದಾಗ ಚೆನ್ನಾಗಿ ಇಂಗ್ಲಿಷ್ ಬಲ್ಲವರೂ ತಡವರಿಸುತ್ತಾರೆ. ಕನ್ನಡದಲ್ಲಿ ‘ಚೆನ್ನಾಗಿ ನೆನಪಿದೆ’, ‘ಅಷ್ಟಾಗಿ ನೆನಪಿಲ್ಲ’, ‘ಮಸುಕು ಮಸುಕಾಗಿ ನೆನಪಿದೆ’ ಎನ್ನುವಾಗ ವಿಶೇಷಣ ಸಾಮಾನ್ಯವಾಗಿ ‘ನೆನಪು’ ಎಂಬ ಮಾತಿನ ಮುಂಚೆಯೇ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಕೆಲವೊಮ್ಮೆ ಕ್ರಿಯಾಪದದ ಮುಂಚೆ, ಕೆಲವೊಮ್ಮೆ ಕರ್ಮಪದವೂ ಮುಗಿದ ಮೇಲೆ ಬರುತ್ತದೆ. ಯಾವ ವಿಶೇಷಣ ಎಲ್ಲಿ ನಿಲ್ಲುತ್ತದೆ ಎಂಬುದು ಬಹುಮಟ್ಟಿಗೆ ರೂಢಿಯಿಂದ ನಿರ್ಧಾರವಾಗಿದೆ. ಹೀಗೆ ಪದಗಳು ರೂಢಿಯ ಬಲದಿಂದ ಜೊತೆಗೂಡುವುದನ್ನು ಭಾಷಾವಿಜ್ಞಾನದಲ್ಲಿ ‘ಕೊಲೊಕೇಶನ್’ ಎನ್ನುತ್ತಾರೆ.

ಮೊದಲು ಗಮನಿಸಬೇಕಾದದ್ದು, ‘ರಿಮೆಂಬರ್’ ಜೊತೆ ಸೇರುವ ಮುಖ್ಯ ವಿಶೇಷಣಗಳು ನೆನಪಿನ ಸ್ಪಷ್ಟತೆಯನ್ನು ಅಳೆಯುತ್ತವೆ ಎಂಬುದು. ತೀವ್ರತೆಯನ್ನು ಹೇಳುವ ‘ವೆರಿ ಮಚ್’, ‘ಸ್ಟ್ರಾಂಗ್ಲಿ’ ಮುಂತಾದವು ಈ ಕ್ರಿಯಾಪದಕ್ಕೆ ಹೊಂದುವುದಿಲ್ಲ. ‘ನಿನ್ನ ನೆನಪು ತುಂಬಾ ಆಗುತ್ತಿದೆ’ ಎಂಬ ಭಾವವನ್ನು ‘ಐ ರಿಮೆಂಬರ್ ಯೂ ವೆರಿ ಮಚ್’ ಎಂದು ಬರೆದರೆ ಓದಿದವರಿಗೆ ಅರ್ಥವಾದೀತು, ಆದರೆ ಇಂಗ್ಲಿಷ್ ಮನೆಮಾತಿನವರು ಹಾಗೆ ಹೇಳುವುದಿಲ್ಲ. ಅಲ್ಲಿ ಕ್ರಿಯಾಪದವನ್ನೇ ಬದಲಿಸಿ ‘ಐ ಮಿಸ್ ಯೂ ವೆರಿ ಮಚ್’ ಅಥವಾ ‘ಐ ಥಿಂಕ್ ಆಫ್ ಯೂ ಎ ಲಾಟ್’ ಎನ್ನಬೇಕಾಗುತ್ತದೆ.

ಸ್ಪಷ್ಟತೆಯ ಒಂದು ತುದಿಯಲ್ಲಿ ‘ವಿವಿಡ್ಲಿ’, ‘ಕ್ಲಿಯರ್ಲಿ’, ‘ಡಿಸ್ಟಿಂಕ್ಟ್ಲಿ’ ಇವೆ. ಇವು ಮೂರೂ ಒಂದೇ ಎಂದು ಅನೇಕ ಪಟ್ಟಿಗಳು ಕಲಿಸುತ್ತವೆ. ನನ್ನ ದೃಷ್ಟಿಯಲ್ಲಿ ಕಲಿಯುವವರಿಗೆ ಆಗುವ ದೊಡ್ಡ ನಷ್ಟ ಅದೇ. ‘ವಿವಿಡ್ಲಿ’ ಎಂಬುದು ಕಣ್ಣಿಗೆ ಕಟ್ಟುವ ದೃಶ್ಯಕ್ಕೆ, ಅನುಭವಕ್ಕೆ ಸಲ್ಲುತ್ತದೆ. ‘ಐ ವಿವಿಡ್ಲಿ ರಿಮೆಂಬರ್ ದ ನೈಟ್ ಆಫ್ ದ ಫ್ಲಡ್’ ಎಂದರೆ ಪ್ರವಾಹದ ಆ ರಾತ್ರಿ ಬಣ್ಣ, ಸದ್ದುಗಳೊಂದಿಗೆ ಮನಸ್ಸಿನಲ್ಲಿದೆ ಎಂದರ್ಥ. ಫೋನ್ ನಂಬರ್ ಒಂದನ್ನು ಯಾರೂ ‘ವಿವಿಡ್ಲಿ’ ನೆನಪಿಟ್ಟುಕೊಳ್ಳುವುದಿಲ್ಲ. ಅಂಕಿ, ದಿನಾಂಕ, ಆಡಿದ ಮಾತು, ಇಟ್ಟ ಜಾಗ ಇವುಗಳಿಗೆ ‘ಎಗ್ಸಾಕ್ಟ್ಲಿ’ ಬೇಕು: ‘ಐ ರಿಮೆಂಬರ್ ಎಗ್ಸಾಕ್ಟ್ಲಿ ವೇರ್ ಐ ಕೆಪ್ಟ್ ದ ಕೀ’. ‘ಕ್ಲಿಯರ್ಲಿ’ ಎಲ್ಲಕ್ಕೂ ಒಗ್ಗುವ ಸಾಧಾರಣ ಪದ, ಸಂದೇಹವಿದ್ದಾಗ ಅದನ್ನೇ ಬಳಸಬಹುದು.

‘ಡಿಸ್ಟಿಂಕ್ಟ್ಲಿ’ ಕುರಿತು ಸ್ವಲ್ಪ ಹೆಚ್ಚು ಹೇಳಬೇಕು. ‘ಐ ಡಿಸ್ಟಿಂಕ್ಟ್ಲಿ ರಿಮೆಂಬರ್ ಟೆಲ್ಲಿಂಗ್ ಯೂ’ ಎಂಬಂತೆ, ಮುಗಿದುಹೋದ ಒಂದು ಕೆಲಸವನ್ನು ಸೂಚಿಸುವ ‘ಇಂಗ್’ ರೂಪದೊಡನೆ ಅದು ಹೆಚ್ಚಾಗಿ ಕಾಣಿಸಿಕೊಳ್ಳುತ್ತದೆ. ಎದುರಿನವರು ಅಲ್ಲಗಳೆಯುತ್ತಿದ್ದಾರೆ ಅಥವಾ ಅಲ್ಲಗಳೆಯಬಹುದು ಎಂಬ ಸಂದರ್ಭದಲ್ಲಿ ಒತ್ತಿ ಹೇಳುವ ಮಾತು ಇದು. ಕಚೇರಿಯ ಇಮೇಲ್‌ನಲ್ಲಿ ಹಿರಿಯ ಸಹೋದ್ಯೋಗಿಗೆ ಹೀಗೆ ಬರೆದರೆ ಆಕ್ಷೇಪದ ಧ್ವನಿ ತಾನಾಗಿಯೇ ಬಂದುಬಿಡುತ್ತದೆ. ಅಲ್ಲಿ ‘ಇಫ್ ಐ ರಿಮೆಂಬರ್ ಕರೆಕ್ಟ್ಲಿ’ ಎಂದು ಆರಂಭಿಸಿ ವಿಷಯ ತಿಳಿಸುವುದು ಮರ್ಯಾದೆಯ ಮಾರ್ಗ. ‘ನನ್ನ ನೆನಪು ಸರಿಯಿದ್ದರೆ’ ಎಂದು ನಾವು ಕನ್ನಡದಲ್ಲಿ ತೋರಿಸುವ ವಿನಯವೇ ಅದರಲ್ಲಿದೆ. ‘ಕರೆಕ್ಟ್ಲಿ’ ಬದಲು ಬ್ರಿಟಿಷರು ‘ರೈಟ್ಲಿ’ ಎಂದೂ ಹೇಳುತ್ತಾರೆ.

ಇನ್ನೊಂದು ತುದಿಯಲ್ಲಿರುವ ‘ವೇಗ್ಲಿ’ ಮತ್ತು ‘ಡಿಮ್ಲಿ’ ಮಸುಕಾದ ನೆನಪನ್ನು ಹೇಳುತ್ತವೆ. ದಿನಬಳಕೆಯಲ್ಲಿ ‘ವೇಗ್ಲಿ’ಯೇ ಹೆಚ್ಚು, ‘ಡಿಮ್ಲಿ’ ಬರಹಕ್ಕೆ ಹತ್ತಿರ. ಇವೆರಡೂ ಸಾಮಾನ್ಯವಾಗಿ ಕ್ರಿಯಾಪದದ ಮುಂಚೆಯೇ ನಿಲ್ಲುತ್ತವೆ. ಅದಕ್ಕಿಂತಲೂ ಕಡಿಮೆ ನೆನಪಿದ್ದರೆ ‘ಬೇರ್ಲಿ’ ಅಥವಾ ‘ಹಾರ್ಡ್ಲಿ’ ಬಳಸಬೇಕು. ಇವುಗಳ ಒಳಗೇ ನಿಷೇಧದ ಅರ್ಥ ಇರುವುದರಿಂದ ಜೊತೆಗೆ ಮತ್ತೊಂದು ‘ನಾಟ್’ ಸೇರಿಸಬಾರದು. ‘ಐ ಕ್ಯಾನ್ ಹಾರ್ಡ್ಲಿ ರಿಮೆಂಬರ್ ಹಿಮ್’ ಸರಿ, ‘ಐ ಕಾಂಟ್ ಹಾರ್ಡ್ಲಿ ರಿಮೆಂಬರ್ ಹಿಮ್’ ಶಿಷ್ಟ ಇಂಗ್ಲಿಷಿನಲ್ಲಿ ತಪ್ಪು.

ಸ್ಥಾನದ ವಿಷಯದಲ್ಲಿ ಮುಖ್ಯವಾದ ನಿಯಮವೆಂದರೆ, ಕ್ರಿಯಾಪದಕ್ಕೂ ಅದರ ಚಿಕ್ಕ ಕರ್ಮಪದಕ್ಕೂ ನಡುವೆ ವಿಶೇಷಣವನ್ನು ತೂರಿಸಬಾರದು. ‘ಐ ರಿಮೆಂಬರ್ ಕ್ಲಿಯರ್ಲಿ ಹಿಮ್’ ಎಂಬುದು ಸಲ್ಲದು. ‘ಐ ಕ್ಲಿಯರ್ಲಿ ರಿಮೆಂಬರ್ ಹಿಮ್’ ಅಥವಾ ‘ಐ ರಿಮೆಂಬರ್ ಹಿಮ್ ಕ್ಲಿಯರ್ಲಿ’ ಎನ್ನಬೇಕು. ಕರ್ಮಪದದ ಜಾಗದಲ್ಲಿ ಉದ್ದನೆಯ ಉಪವಾಕ್ಯವಿದ್ದರೆ ಮಾತ್ರ ಈ ಕಟ್ಟು ಸಡಿಲವಾಗಿ, ‘ಐ ರಿಮೆಂಬರ್ ಕ್ಲಿಯರ್ಲಿ ದಟ್ ದ ಡೋರ್ ವಾಸ್ ಓಪನ್’ ಎಂಬುದಕ್ಕೂ ಅವಕಾಶ ಸಿಗುತ್ತದೆ. ‘ವೆಲ್’ ಎಂಬುದು ಕರ್ಮಪದದ ನಂತರ ಬರುವುದೇ ವಾಡಿಕೆ: ‘ಐ ರಿಮೆಂಬರ್ ಹರ್ ವೆಲ್’. ‘ಐ ವೆಲ್ ರಿಮೆಂಬರ್’ ಎಂಬ ಕ್ರಮ ಹಳೆಯ, ಗಂಭೀರ ಶೈಲಿಗೆ ಸೇರಿದ್ದು, ಇಂದಿನ ಮಾತಿನಲ್ಲಿ ವಿರಳ. ‘ಕ್ಯಾನ್’, ‘ವಿಲ್’ ಮುಂತಾದ ಸಹಾಯಕ ಕ್ರಿಯಾಪದವಿದ್ದಾಗ ವಿಶೇಷಣ ಅದರ ನಂತರ, ‘ರಿಮೆಂಬರ್’ ಮುಂಚೆ ಕೂರುತ್ತದೆ: ‘ಐ ಕ್ಯಾನ್ ಸ್ಟಿಲ್ ರಿಮೆಂಬರ್’, ‘ಐ ವಿಲ್ ಆಲ್‌ವೇಸ್ ರಿಮೆಂಬರ್’.

ನಿಷೇಧದ ವಾಕ್ಯಗಳಲ್ಲಿ ಸ್ಥಾನ ಬದಲಾದರೆ ಅರ್ಥವೇ ಬದಲಾಗುತ್ತದೆ. ಇಲ್ಲಿ ನಿಧಾನವಾಗಿ ಹೆಜ್ಜೆ ಇಡಬೇಕು. ‘ಐ ಡೋಂಟ್ ರಿಯಲಿ ರಿಮೆಂಬರ್’ ಎಂದರೆ ಅಷ್ಟಾಗಿ ನೆನಪಿಲ್ಲ, ಸ್ವಲ್ಪ ಇದ್ದರೂ ಇರಬಹುದು. ‘ಐ ರಿಯಲಿ ಡೋಂಟ್ ರಿಮೆಂಬರ್’ ಎಂದರೆ ಖಂಡಿತವಾಗಿಯೂ ನೆನಪಿಲ್ಲ. ಹಾಗೆಯೇ ‘ಹೀ ಡಸಂಟ್ ರಿಮೆಂಬರ್ ಕ್ಲಿಯರ್ಲಿ’ ಎಂಬುದು ಅವನ ನೆನಪು ಮಸುಕಾಗಿದೆ ಎಂದು ತಿಳಿಸಿದರೆ, ‘ಹೀ ಕ್ಲಿಯರ್ಲಿ ಡಸಂಟ್ ರಿಮೆಂಬರ್’ ಎಂಬುದು ಅವನಿಗೆ ನೆನಪಿಲ್ಲವೆಂಬುದು ನೋಡಿದವರಿಗೆಲ್ಲ ತಿಳಿಯುವಂತಿದೆ ಎನ್ನುತ್ತದೆ. ಮೊದಲನೆಯದರಲ್ಲಿ ವಿಶೇಷಣ ನೆನಪನ್ನು ವಿವರಿಸುತ್ತದೆ, ಎರಡನೆಯದರಲ್ಲಿ ಹೇಳುವವರ ತೀರ್ಮಾನವನ್ನು. ಪೂರ್ತಿ ಮರೆಯದೆ, ನಾಲಿಗೆಯ ತುದಿಯಲ್ಲಿದ್ದೂ ಹೊರಬಾರದ ಹೆಸರಿಗೆ ‘ಐ ಕಾಂಟ್ ಕ್ವೈಟ್ ರಿಮೆಂಬರ್ ಹಿಸ್ ನೇಮ್’ ಎಂಬುದು ಅಚ್ಚುಕಟ್ಟಾದ ಮಾತು.

ಇಲ್ಲಿಯವರೆಗೆ ನೋಡಿದ್ದು ಮನಸ್ಸಿನಲ್ಲಿ ಈಗಾಗಲೇ ಇರುವ ನೆನಪು. ಥಟ್ಟನೆ ನೆನಪಾಗುವುದಕ್ಕೆ ‘ಸಡನ್ಲಿ’ ಬರುತ್ತದೆ ಮತ್ತು ಕ್ರಿಯಾಪದ ಹೆಚ್ಚಾಗಿ ಭೂತಕಾಲದಲ್ಲಿರುತ್ತದೆ: ‘ಐ ಸಡನ್ಲಿ ರಿಮೆಂಬರ್ಡ್ ದ ಮಿಲ್ಕ್ ಆನ್ ದ ಸ್ಟವ್’. ಕನ್ನಡದಲ್ಲಿ ‘ನೆನಪಿದೆ’ ಮತ್ತು ‘ನೆನಪಾಯಿತು’ ಎಂದು ಎರಡು ರೂಪಗಳು ಮಾಡುವ ಕೆಲಸವನ್ನು ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ ಮಾಡುವುದರಿಂದ, ಅವುಗಳ ವ್ಯತ್ಯಾಸವನ್ನು ಎಷ್ಟೋ ವೇಳೆ ವಿಶೇಷಣವೇ ತೋರಿಸಿಕೊಡಬೇಕಾಗುತ್ತದೆ.

ಪ್ರೀತಿಯ ನೆನಪಿಗೆ ‘ಫಾಂಡ್ಲಿ’ ಇದೆ. ಅದು ಕರ್ಮಣಿ ಪ್ರಯೋಗದಲ್ಲಿ ವಿಶೇಷವಾಗಿ ಒಪ್ಪುತ್ತದೆ. ನಿವೃತ್ತರಾದ ಅಥವಾ ತೀರಿಕೊಂಡ ಶಿಕ್ಷಕರ ಬಗ್ಗೆ ‘ಷೀ ಈಸ್ ಫಾಂಡ್ಲಿ ರಿಮೆಂಬರ್ಡ್ ಬೈ ಹರ್ ಸ್ಟೂಡೆಂಟ್ಸ್’ ಎಂದು ಬರೆಯುತ್ತಾರೆ. ಸಾಧಕರ ಪರಿಚಯ ಬರೆಯುವಾಗ ‘ಬೆಸ್ಟ್ ರಿಮೆಂಬರ್ಡ್ ಫಾರ್’ ಎಂಬ ಜೋಡಣೆ ಬಹಳ ಉಪಯುಕ್ತ: ‘ವಿಶ್ವೇಶ್ವರಯ್ಯ ಈಸ್ ಬೆಸ್ಟ್ ರಿಮೆಂಬರ್ಡ್ ಫಾರ್ ದ ಕೃಷ್ಣರಾಜಸಾಗರ ಡ್ಯಾಮ್’. ಇದು ಮುಖ್ಯವಾಗಿ ಗತಿಸಿದವರಿಗೆ ಸಲ್ಲುವ ಮಾತಾದ್ದರಿಂದ, ಬದುಕಿರುವವರ ಪರಿಚಯಕ್ಕೆ ‘ಬೆಸ್ಟ್ ನೋನ್ ಫಾರ್’ ಎಂದು ಬರೆಯುವುದು ಒಳಿತು.

ಒಂದು ಜೋಡಣೆ ರೂಢಿಯಲ್ಲಿದೆಯೇ ಎಂಬ ಅನುಮಾನ ಬಂದಾಗ ಊಹಿಸುವ ಅಗತ್ಯವಿಲ್ಲ. 2010ರಿಂದ ಎಲ್ಲರಿಗೂ ಉಚಿತವಾಗಿ ಲಭ್ಯವಿರುವ ಗೂಗಲ್ ಬುಕ್ಸ್ ಎನ್‌ಗ್ರಾಮ್ ವ್ಯೂವರ್‌ನಲ್ಲಿ ಎರಡು ಜೋಡಣೆಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬೆರಳಚ್ಚು ಮಾಡಿದರೆ, ಅಚ್ಚಾದ ಪುಸ್ತಕಗಳಲ್ಲಿ ಯಾವುದು ಹೆಚ್ಚು ಬಂದಿದೆ ಎಂಬುದು ರೇಖೆಗಳಲ್ಲಿ ಕಾಣುತ್ತದೆ. ಅದು ತೋರಿಸುವುದು ಬರಹದ ರೂಢಿಯನ್ನು. ಮಾತಿನ ರೂಢಿಯೂ ತಿಳಿಯಬೇಕಾದರೆ, ಸುಮಾರು 10 ಕೋಟಿ ಪದಗಳ ‘ಬ್ರಿಟಿಷ್ ನ್ಯಾಷನಲ್ ಕಾರ್ಪಸ್’ ಎಂಬ ಭಾಷಾ ಮಾದರಿಗಳ ಸಂಗ್ರಹದಲ್ಲಿ ಮಾತನ್ನು ಬರಹಕ್ಕಿಳಿಸಿದ ಭಾಗವೇ ಬೇರೆಯಾಗಿದ್ದು, ಅಲ್ಲಿ ‘ರಿಮೆಂಬರ್’ ಹುಡುಕಿ ಅದರ ಅಕ್ಕಪಕ್ಕದ ಪದಗಳನ್ನು ಪೂರ್ಣ ವಾಕ್ಯಗಳೊಂದಿಗೆ ಓದಬಹುದು.